ಅಬೂ ಸಾಲಿಮರ ಜಿಂಕೆಗೆ ನಾನು ಕೂಗು ಹಾಕಿದ್ದು

ಪಕ್ಕದ ಮನೆಯವರು ಬಕ್ರೀದಿಗೆ ಅಂತ ಒಂದು ಹೋತ ತಂದು ಗೇಟಿನ ಹತ್ರ ಕಟ್ಟಿದ್ದಾರೆ. ಮದವೇರಿದ ಹೋತದ ವಾಸನೆ ಹೇಗಿರ್ತದೆ ಅಂತ ನಾನು ನಿಮಗೆ ಹೇಳ್ಬೇಕಾ? ಗೊತ್ತಿಲ್ಲದಿದ್ರೆ ನೀವು ಪುಣ್ಯವಂತರು. ನನ್ನ ಹೆಂಡತಿ ಬೆಳಿಗ್ಗೆಯಿಂದ ಕಿಟಕಿ ಎಲ್ಲ ಹಾಕಿ, ಮೂಗಿಗೆ ಬಟ್ಟೆ ಹಿಡ್ಕೊಂಡು ಅಡಿಗೆ ಮಾಡ್ತಾ ಇದ್ದಾಳೆ. ನಾನು ಜಗಲಿಯಲ್ಲಿ ಕುರ್ಚಿ ಹಾಕಿ, ಕಾಲ ಮೇಲೆ ಕಾಲು ಹಾಕಿ, ಆರಾಮಾಗಿ ಮೂಸ್ತಾ ಇದ್ದೇನೆ.

"ನಿಮ್ಮ ಮೂಗು ಸತ್ತು ಹೋಗಿದ್ಯಾ?" ಅಂತ ಅವಳು ಒಳಗಿನಿಂದ ಕೇಳಿದಳು.

ಸತ್ತಿಲ್ಲ ಮಾರಾಯ್ರೆ. ಈ ವಾಸನೆ ಬಡಿದ ಕೂಡ್ಲೆ ನಾನು ಕತಾರಿನಲ್ಲಿರ್ತೇನೆ. ನನ್ನ ಪ್ಯಾಂಟಿನ ಹಿಂದೆ ಒಂದು ದೊಡ್ಡ ತೂತು ಇರ್ತದೆ, ಒಬ್ಬ ಅರಬಿ ಯಜಮಾನ ಗೋಡೆಗೆ ಒರಗಿ ಹೊಟ್ಟೆ ಹಿಡ್ಕೊಂಡು ನಗ್ತಾ ಇರ್ತಾನೆ. ಆ ತೂತಿನ ವಿಷಯಕ್ಕೆ ಬರ್ತೇನೆ, ಅವಸರ ಮಾಡ್ಬೇಡಿ. ಮೊದ್ಲು ನನ್ನ ಗಂಟಲಿನ ವಿಷಯ ಹೇಳ್ಬೇಕು. ನಾನು ಹೇಳದಿದ್ರೆ ಬೇರೆ ಯಾರೂ ಹೇಳುದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಕತಾರಿನ ಮೆಸಯೀದಿನಲ್ಲಿ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡ್ಕೊಳ್ತಿದ್ದೆ. ಪೈಪು, ವಾಲ್ವು, ನಟ್ಟು, ಬೋಲ್ಟು. ಕೆಲಸಕ್ಕೆ ಗಂಟಲು ಬೇಕಾಗಿರ್ಲಿಲ್ಲ, ಹಾಗಾಗಿ ಅದು ಬೇರೆ ಕೆಲಸಕ್ಕೆ ಖಾಲಿ ಇತ್ತು. ವಾಕಿಟಾಕಿಯಲ್ಲಿ ಫೋರ್‌ಮನ್‌ನ ದನಿ ಮಾಡಿ ಎಲ್ಲರಿಗೂ ಟೀ ಬ್ರೇಕ್ ಕೊಟ್ಟಿದ್ದೇನೆ. ಫೋರ್‌ಮನ್ ಸ್ವತಃ ಟೀ ಕುಡಿಯಲಿಕ್ಕೆ ಬಂದದ್ದುಂಟು. ಒಂದು ಚಳಿಗಾಲ ಕ್ಯಾಂಪಿನಲ್ಲಿ ಬೆಳಗಾಗುವ ಹೊತ್ತಿಗೆ ಹುಂಜದ ಕೂಗು ಹಾಕ್ಲಿಕ್ಕೆ ಸುರು ಮಾಡಿದೆ. ಆ ಮರಳಿನಲ್ಲಿ ಹುಂಜ ಎಲ್ಲಿಂದ ಬರ್ಬೇಕು? ಕ್ಯಾಂಪ್ ಬಾಸ್ ಮಂಚದ ಅಡಿ ಎಲ್ಲ ಹುಡುಕಿಸಿದ. ಅಡಿಗೆಯವ ಗುಟ್ಟಾಗಿ ಸಾಕಿದ್ದಾನೆ, ಒಬ್ಬನೇ ತಿನ್ತಾನೆ ಅಂತ ಸುದ್ದಿಯಾಯ್ತು. ಹುಂಜ ಸಿಕ್ಲಿಲ್ಲ. ಟಾರ್ಚ್ ಹಿಡ್ಕೊಂಡು ಎಲ್ಲರ ಮುಂದೆ ಹುಡುಕ್ತಾ ಇದ್ದದ್ದೇ ಹುಂಜ ಅಂತ ಯಾರಿಗೂ ಗೊತ್ತಾಗ್ಲಿಲ್ಲ.

ನನ್ನ ರೂಮಿನ ಬಸವರಾಜನಿಗೆ ಮಾತ್ರ ಸಂಶಯ ಬಂದಿತ್ತು. ಅವ ಗದಗದ ಕಡೆಯವ, ಫೋರ್ಕ್‌ಲಿಫ್ಟ್ ಓಡಿಸ್ತಿದ್ದ. ಮೀಸೆ ಎಷ್ಟು ದಪ್ಪ ಅಂದ್ರೆ ಮಾತು ಅದರ ಮಧ್ಯದಿಂದ ಸೋಸಿ ಬರ್ಬೇಕು. ನನ್ನನ್ನು ಕಾಕಾ ಅಂತ ಕರೀತಿದ್ದ.

"ಕಾಕಾ, ಆ ಹುಂಜಕ್ಕ ನೆಗಡಿ ಆದ ದಿನಾನ ನಿಮಗೂ ನೆಗಡಿ ಆಗಿತ್ತು ನೋಡ್ರಿ," ಅಂದ ಒಂದು ದಿನ.

"ಹವಾಮಾನ ಇಬ್ರಿಗೂ ಒಂದೇ ಅಲ್ವಾ?" ಅಂದೆ.

ನಮ್ಮ ಮೇಲೆ ಡೇಲ್ ಅಂತ ಒಬ್ಬ ಅಮೆರಿಕದ ಇಂಜಿನಿಯರ್ ಇದ್ದ. ಒಳ್ಳೆ ಮನುಷ್ಯ, ಆದ್ರೆ ಚಳಿ ಬಂತು ಅಂದ್ರೆ ಕೆಲಸದಲ್ಲಿ ಮನಸ್ಸೇ ಇಲ್ಲ. ಅವನ ಊರಿನ ಗುಡ್ಡದಲ್ಲಿ ಅದು ಜಿಂಕೆ ಬೇಟೆಯ ಕಾಲ. ಮ್ಯೂಲ್ ಡಿಯರ್ ಅಂತೆ. ಹೇಸರಗತ್ತೆಯ ಹಾಗೆ ದೊಡ್ಡ ದೊಡ್ಡ ಕಿವಿ, ಅದಕ್ಕೇ ಆ ಹೆಸರು. ಉಳಿದ ದಿನಗಳಲ್ಲಿ ಮನುಷ್ಯನ ನೆರಳು ಕಂಡ್ರೂ ಹಾರಿ ಓಡುವ ಗಂಡು, ಬೆದೆಯ ಕಾಲದಲ್ಲಿ ತಲೆಕೆಟ್ಟು ಹೆಣ್ಣಿನ ಜಾಡು ಹಿಡಿದು ಮೂಗನ್ನು ನೆಲಕ್ಕೆ ಹಚ್ಚಿ ತಿರುಗ್ತದಂತೆ. ಆಗ ಬೇಟೆಗಾರ ಪೊದೆಯ ಹಿಂದೆ ಕೂತು ಒಂದು ಪೀಪಿ ಊದ್ತಾನೆ, ಹೆಣ್ಣು ಜಿಂಕೆ ಕರೆದ ಹಾಗೆ. ಹಳೆ ಕೊಂಬು ಎರಡನ್ನು ಟಕಟಕ ಬಡೀತಾನೆ, ಎರಡು ಗಂಡು ಹೊಡೆದಾಡಿದ ಹಾಗೆ. ಹೆಣ್ಣು ಜಿಂಕೆಯ ಮೂತ್ರ ಅಂಗಡಿಯಲ್ಲಿ ಬಾಟ್ಲಿಯಲ್ಲೇ ಸಿಗ್ತದಂತೆ. ಅದನ್ನು ಬಟ್ಟೆಗೆ ಹಾಕಿ ನೆಲದ ಮೇಲೆ ಎಳ್ಕೊಂಡು ಹೋದ್ರೆ ಗಂಡು ಅದರ ಹಿಂದೆಯೇ ಬರ್ತದೆ.

"ಬಾಟ್ಲ್ಯಾಗ ಉಚ್ಚಿ ಮಾರ್ತಾರ?" ಬಸವರಾಜನಿಗೆ ಅದೊಂದೇ ತಲೆಗೆ ಹೋದದ್ದು. "ಏ ಕಾಕಾ, ಅಂಥಾ ಧಂದೆ ಬಿಟ್ಟು ನಾವಿಲ್ಲಿ ಫೋರ್ಕ್‌ಲಿಫ್ಟ್ ಓಡ್ಸಾಕ್ಹತ್ತೇವಲ್ಲ!"

ಡೇಲ್‌ನ ಮೇಜಿನ ಡ್ರಾಯರಿನಲ್ಲಿ ಅಂಥ ಒಂದು ಪೀಪಿ, ಒಂದು ಬಾಟ್ಲಿ ಇತ್ತು. ಇಲ್ಲಿ ಎಂತಕ್ಕೆ ತಂದದ್ದು ಅಂತ ಕೇಳಿದ್ರೆ ನಾಚಿಕೊಳ್ತಿದ್ದ. ಊರಿನ ನೆನಪಾದಾಗ ಮುಚ್ಚಳ ಚೂರು ಸಡಿಲಿಸಿ ಮೂಸ್ತಾನೆ ಅಂತ ನನ್ನ ಲೆಕ್ಕ. ನಾವು ಕಡಿಮೆಯಾ? ಊರಿಂದ ಯಾರಾದ್ರೂ ಪಾರ್ಸೆಲ್ ತಂದ್ರೆ ಮೊದ್ಲು ತಿನ್ನುದಿಲ್ಲ, ಮೂಸುದು. ಹೆಂಡತಿ ಕ್ಯಾಸೆಟಿನಲ್ಲಿ ಮಾತಾಡಿ ಕಳಿಸಿದ್ದನ್ನು ಟೇಪು ಸವೆಯುವವರೆಗೆ ಕೇಳುದು. ಕೂಗು ಮತ್ತು ವಾಸನೆ, ಇಷ್ಟೇ. ಜಿಂಕೆ ಆದ್ರೆ ಓಡಿ ಬರ್ತದೆ, ನಮಗೆ ಪಾಸ್‌ಪೋರ್ಟ್ ಬೇಕು.

ಡೇಲ್‌ನ ಪೀಪಿಯನ್ನು ನಾನು ಎರಡು ಸಲ ಕೇಳಿದೆ, ಮೂರನೇ ಸಲಕ್ಕೆ ಪೀಪಿ ಇಲ್ಲದೆ ಬಾಯಿಯಲ್ಲೇ ಮಾಡಿ ತೋರಿಸಿದೆ. ಅವ ಕುರ್ಚಿಯಿಂದ ಎದ್ದು ನಿಂತ. ನನ್ನನ್ನು ಅವನ ಊರಿಗೆ ಕರ್ಕೊಂಡು ಹೋದ್ರೆ ಕಾಡು ಖಾಲಿಯಾಗ್ತದೆ ಅಂದ. ಅವ ಹೇಳದಿದ್ರೂ ನನಗೆ ಗೊತ್ತಿತ್ತು.

ಈಗ ನನ್ನ ಭಾವ ಹಮೀದ್ ಬರ್ತಾನೆ. ನನ್ನ ಕೊನೆಯ ತಂಗಿ ಝೊಹರಾಳ ಗಂಡ. ಮೆಸಯೀದಿನಿಂದ ಒಳಗೆ ಹೋದ್ರೆ ಅಬೂ ಸಾಲಿಂ ಅಂತ ಒಬ್ಬ ಅರಬಿಯ ಮಜ್ರಾ ಇತ್ತು. ಮಜ್ರಾ ಅಂದ್ರೆ ತೋಟ ಅಂತ ಹೇಳ್ಬಹುದು; ನಾಲ್ಕು ಖರ್ಜೂರದ ಮರ, ಒಂದು ಬಾವಿ, ಉಳಿದದ್ದು ಮರಳು. ಹಮೀದ್ ಅಲ್ಲಿ ಆಡು, ಒಂಟೆ, ಜಿಂಕೆ ನೋಡ್ಕೊಂಡಿದ್ದ. ಜಿಂಕೆಗೆ ಅಲ್ಲಿಯವರು ರೀಮ್ ಅಂತಾರೆ. ಬಿಳಿ ಮುಖದ, ಮರಳಿನ ಬಣ್ಣದ ಚಂದದ ಪ್ರಾಣಿ. ಹಮೀದ್ ಎಂಥವ ಅಂದ್ರೆ, ಮದುವೆಯಾಗಿ ಹದಿನೈದು ದಿನಕ್ಕೆ ಕತಾರಿಗೆ ಬಂದು, ಆಮೇಲೆ ಮೂರು ವರ್ಷ ಯಜಮಾನನ ಹತ್ರ ರಜೆ ಕೇಳ್ಲಿಕ್ಕೆ ನಾಚಿಕೊಂಡವ. ಕೊನೆಗೆ ನಾನೇ ಹೋಗಿ ಅಬೂ ಸಾಲಿಮರ ಹತ್ರ ಮಾತಾಡಿದೆ. ಅವರು ಒಪ್ಪಿದ್ರು. ಮಜ್ರಾದಲ್ಲಿ ಎರಡು ರೂಮು ಖಾಲಿ ಉಂಟು, ಚಳಿಗಾಲಕ್ಕೆ ಹೆಂಡತಿಯನ್ನು ಕರೆಸ್ಲಿ, ವಿಸಿಟ್ ವೀಸಾದ ಕಾಗದಕ್ಕೆ ನಾನು ಸೈನ್ ಹಾಕ್ತೇನೆ ಅಂದ್ರು. ಕಫೀಲ್, ಅಂದ್ರೆ ವೀಸಾ ಕೊಟ್ಟು ಕೆಲಸಕ್ಕೆ ಇಟ್ಕೊಂಡ ಯಜಮಾನ, ಸೈನ್ ಹಾಕದೆ ಅಲ್ಲಿ ಸೊಳ್ಳೆಯೂ ಒಳಗೆ ಬರ್ಲಿಕ್ಕಿಲ್ಲ.

ಸೈನ್ ಹಾಕುವ ವಾರವೇ ಗಂಡು ರೀಮ್ ಓಡಿ ಹೋಯ್ತು.

ಅದು ಮನೆ ಮಗನ ಹಾಗೆ. ತಾಯಿ ಸತ್ತ ಮರಿಯನ್ನು ಅಬೂ ಸಾಲಿಂ ಮಡಿಲಲ್ಲಿಟ್ಟು ಬಾಟ್ಲಿ ಹಾಲು ಕುಡಿಸಿ ಬೆಳೆಸಿದ್ದು. ಬೆದೆಯ ಕಾಲ ಬಂದು ಕುತ್ತಿಗೆ ದಪ್ಪ ಆಗಿ, ಕಣ್ಣು ಕೆಂಪಾಗಿ, ಬೇಲಿಗೆ ಕೊಂಬು ಹೊಡೀತಾ ಇತ್ತು. ನೀರಿನ ಟ್ಯಾಂಕರ್ ಬಂದಾಗ ಹಮೀದ್ ಗೇಟು ತೆರೆದ. ಅಷ್ಟೇ. ಟ್ಯಾಂಕರಿನ ಚಕ್ರದ ಪಕ್ಕದಿಂದ ಹಾರಿ ಹೋಯ್ತು. ದೂರ ಏನೂ ಹೋಗ್ಲಿಲ್ಲ, ಎದುರಿನ ದಿಣ್ಣೆಯ ಆಚೆ ಈಚೆ ಕಾಣ್ತಿತ್ತು. ಆದ್ರೆ ಹತ್ರ ಬರ್ತಿರ್ಲಿಲ್ಲ. ಅಬೂ ಸಾಲಿಂ ಬಾರ್ಲಿ ಹಿಡ್ಕೊಂಡು "ಯಾ ಹಬೀಬಿ, ಯಾ ಹಬೀಬಿ" ಅಂತ ಕರೆದ್ರು. ಅವರ ತಮ್ಮಂದಿರು ಹಗ್ಗ ಹಿಡ್ಕೊಂಡು ದಿನಾ ಅಟ್ಟಿಸಿದ್ರು. ಗಾಡಿಯಲ್ಲಿ ಅಟ್ಟಿದ್ರೆ ಓಡಿ ಓಡಿ ಎದೆ ಒಡೆದು ಸಾಯ್ತದೆ ಅಂತ ಅದು ಬೇಡ ಅಂದ್ರು.

ಹಮೀದ್ ಕಾಗದ ಹಿಡ್ಕೊಂಡು ಹೋದಾಗ ಯಜಮಾನರು ಮುಖ ತಿರುಗಿಸಿ ಹೇಳಿದ್ದು ಒಂದೇ ಮಾತು: "ಅವ್ವಲ್ ರೀಮ್, ಬಾದೈನ್ ಮದಾಮ್." ಮೊದ್ಲು ಜಿಂಕೆ ಬರ್ಲಿ, ಆಮೇಲೆ ನಿನ್ನ ಹೆಂಡತಿ ಬರ್ಲಿ.

ಹಮೀದ್ ಫೋನಿನಲ್ಲಿ ಅಳುವುದು ಒಂದು ಬಾಕಿ. "ಭಾವ, ಇನ್ನು ಅವಳು ಬಂದ ಹಾಗೆಯೇ," ಅಂದ.

"ಶುಕ್ರವಾರ ನಾನು ಬರ್ತೇನೆ. ಸಂಜೆಯೊಳಗೆ ನಿನ್ನ ಜಿಂಕೆ ಬೇಲಿಯೊಳಗೆ ಇರ್ತದೆ. ಝೊಹರಾಳ ಹತ್ರ ಪೆಟ್ಟಿಗೆ ಕಟ್ಲಿಕ್ಕೆ ಹೇಳು," ಅಂದೆ. ಹೇಳುದಕ್ಕೇನು?

ಡೇಲ್ ಪೀಪಿಯನ್ನೂ ಬಾಟ್ಲಿಯನ್ನೂ ಎರಡೂ ಕೈಯಲ್ಲಿ ಎತ್ತಿ ಕೊಟ್ಟ, ಮಗುವನ್ನು ಕೊಟ್ಟ ಹಾಗೆ. ಜೊತೆಗೆ ಪಾಠವನ್ನೂ ಕೊಟ್ಟ. ವಾಸನೆಯ ಸಾಬೂನು ಹಾಕಿ ಮೀಯ್ಬಾರ್ದು. ಗಾಳಿ ಜಿಂಕೆಯಿಂದ ನಿನ್ನ ಕಡೆ ಬೀಸ್ಬೇಕು, ನಿನ್ನಿಂದ ಜಿಂಕೆ ಕಡೆ ಅಲ್ಲ. ಹೆಣ್ಣಿನ ಕೂಗಿಗೆ ಬಾರದಿದ್ರೆ ಇನ್ನೊಂದು ಗಂಡಿನ ಕೂಗು ಹಾಕು, ಹೊಟ್ಟೆಕಿಚ್ಚಿಗಾದ್ರೂ ಬರ್ತದೆ.

ನಾವು ಬರೀ ನೀರಲ್ಲಿ ಮಿಂದೆವು. ತಲೆಗೆ ಎಣ್ಣೆ ಕೂಡ ಹಚ್ಚಲಿಲ್ಲ. ಬಸವರಾಜ ಕಂಪೆನಿಯ ಪಿಕಪ್ ತಂದ. ಎಲ್ಲ ಸರಿ ಇತ್ತು. ಆದ್ರೆ ಒಬ್ಬ ಅರಬಿಯ ಮಜ್ರಾಕ್ಕೆ ಶುಕ್ರವಾರ ಮಧ್ಯಾಹ್ನ ಹೋದ್ರೆ ಏನಾಗ್ತದೆ ಅಂತ ಅಮೆರಿಕದವನಿಗೆ ಗೊತ್ತಿಲ್ಲ, ಗೊತ್ತಿದ್ದ ನಾವು ಮರ್ತಿದ್ದೆವು. ಮಜ್ಲಿಸಿನಲ್ಲಿ, ಅಂದ್ರೆ ನೆಂಟರ ಕೋಣೆಯಲ್ಲಿ ಕೂರಿಸಿದ್ರು. ದೊಡ್ಡ ತಟ್ಟೆಯಲ್ಲಿ ಅನ್ನ, ಮಾಂಸ. ಖರ್ಜೂರ, ಗಾವಾ ಅನ್ನುವ ಅರಬಿ ಕಾಫಿ. ಊಟ ಆಗಿ ಏಳುವ ಹೊತ್ತಿಗೆ ಬುಖೂರ್ ಬಂತು. ಕೆಂಡದ ಮೇಲೆ ಊದಿನ ಚಕ್ಕೆ ಹಾಕಿ, ಹೊಗೆಯನ್ನು ನೆಂಟರ ಗಡ್ಡಕ್ಕೆ, ಕುತ್ತಿಗೆಗೆ, ಅಂಗಿಯ ಒಳಗೆ ಹಿಡೀತಾರೆ. ಬೇಡ ಅಂದ್ರೆ ಮನೆಗೆ ಅವಮಾನ. ಅದೂ ಸಾಕಾಗದೆ ಅಬೂ ಸಾಲಿಂ ತಮ್ಮ ಜೇಬಿನ ಸಣ್ಣ ಕುಪ್ಪಿಯಿಂದ ಊದಿನ ಎಣ್ಣೆ ತೆಗ್ದು ನಮ್ಮ ಮಣಿಗಂಟಿಗೆ ತಿಕ್ಕಿದ್ರು. ಬಸವರಾಜನ ಮೀಸೆಗೆ ಹೊಗೆ ಹಿಡಿದದ್ದು ಇಳಿಯಲೇ ಇಲ್ಲ, ಒಲೆಯ ಮೇಲಿನ ಗೂಡಿನ ಹಾಗೆ ಹೊಗೆಯಾಡ್ತಾ ಇತ್ತು.

ಹಾಗೆ ಹೋಗಿ ದಿಣ್ಣೆಯ ಈಚೆ ಮಲಗಿದೆವು. ನಾನು ಪೀಪಿ ಊದಿದೆ. ಗಂಡು ಕಾಣಿಸಿತು. ಕಿವಿ ನಿಗುರಿಸಿ ನಿಂತಿತು. ಮತ್ತೆ ಊದಿದೆ. ಬಾಟ್ಲಿಯ ಮುಚ್ಚಳ ತೆಗ್ದು ಚೆಲ್ಲಿದೆ. ಅದರ ನಾತಕ್ಕೆ ಹಮೀದ್ ಹಿಂದೆ ಸರಿದ, ಜಿಂಕೆ ಮುಂದೆ ಬರ್ಲಿಲ್ಲ. ಒಮ್ಮೆ ಗಾಳಿ ತಿರುಗಿತು ನೋಡಿ, ಅದು ಮೂಗು ಎತ್ತಿ, ನಾಲ್ಕು ಕಾಲಲ್ಲೂ ಒಟ್ಟಿಗೆ ಹಾರಿ, ಮರಳು ಎಬ್ಬಿಸಿ ಹೋಯ್ತು.

"ಭಾವ, ಅದಕ್ಕೆ ಅಮೆರಿಕದ ಜಿಂಕೆಯ ಮಾತು ಗೊತ್ತಾಗ್ಲಿಲ್ವೋ ಏನೋ," ಅಂದ ಹಮೀದ್. ಪಾಪ, ತಪ್ಪು ನನ್ನ ಮೇಲೆ ಬಾರದ ಹಾಗೆ ಹೇಳಿದ.

"ಮಾತು ಗೀತು ಬಿಡ್ರಿ," ಅಂದ ಬಸವರಾಜ ತನ್ನ ಮೀಸೆ ಮೂಸ್ತಾ. "ನಾವು ಮೂರೂ ಮಂದಿ ಮದಿವಿ ಮನಿ ಹಂಗ ನಾರಾಕ್ಹತ್ತೇವಿ."

ಆಗ ನನಗೆ ಹೊಳೆದದ್ದು. ಅಷ್ಟು ದಿನ ಹಗ್ಗ ಹಿಡಿದು ಅಟ್ಟಿಸಿದವರೆಲ್ಲ ಇದೇ ಹೊಗೆಯವರು. ಊದಿನ ವಾಸನೆ ಬಂದ್ರೆ ಹಿಂದೆಯೇ ಹಗ್ಗ ಬರ್ತದೆ ಅಂತ ಅದರ ತಲೆಯಲ್ಲಿ ಕೂತಿತ್ತು. ನಾವು ಆ ಹೊಗೆಯನ್ನೇ ಅಂಗಿಯೊಳಗೆ ತುಂಬಿಸ್ಕೊಂಡು ಹೆಣ್ಣು ಜಿಂಕೆಯ ವೇಷ ಹಾಕಿದ್ದು!

ವಾರದ ಮಧ್ಯದಲ್ಲಿ ಊರಿಗೆ ಫೋನ್ ಮಾಡಿದೆ. ಝೊಹರಾ ಪಕ್ಕದ ಮನೆಯ ಫೋನಿಗೆ ಓಡಿ ಬಂದಳು, ಏದುಸಿರು ಕೇಳ್ತಾ ಇತ್ತು. ನಮ್ಮಲ್ಲಿ ಅಣ್ಣನಿಗೂ ಕಾಕ ಅಂತಲೇ ಕರೆಯುದು.

"ಕಾಕ, ಸೂಟ್‌ಕೇಸ್ ತಗೊಂಡೆ. ಚಪ್ಪಲಿ ಹೊಸತು. ಊರಿಗೆಲ್ಲ ಹೇಳಿ ಆಗಿದೆ. ಏನೋ ಜಿಂಕೆ ಓಡಿದೆ ಅಂತಾರೆ, ಜಿಂಕೆಗೂ ನನಗೂ ಎಂತ ಸಂಬಂಧ?"

"ಏನಿಲ್ಲ. ಸಣ್ಣ ವಿಷಯ."

ಅವಳು ಮೆಲ್ಲ ಹೇಳಿದಳು: "ಅವರ ಮುಖ ಮರ್ತು ಹೋಗ್ತಾ ಉಂಟು ಕಾಕ. ಫೋಟೋದ್ದು ನೆನಪುಂಟು, ಮುಖದ್ದಿಲ್ಲ."

ಕಾರ್ಡ್ ಮುಗೀತು ಅಂತ ಸುಳ್ಳು ಹೇಳಿ ಫೋನ್ ಇಟ್ಟೆ.

ಆ ಶುಕ್ರವಾರ ನಾವು ಮುಂದಿನ ಗೇಟಿಗೆ ಹೋಗ್ಲೇ ಇಲ್ಲ. ಪಿಕಪ್ ದೂರ ನಿಲ್ಲಿಸಿ, ಹಿಂದಿನಿಂದ ಆಡಿನ ಕೊಟ್ಟಿಗೆಗೆ ನುಗ್ಗಿದೆವು. ಹಮೀದನ ಕೆಲಸದ ಹಳೆ ಬಟ್ಟೆ ಹಾಕ್ಕೊಂಡೆವು, ಹೆಣ್ಣು ಜಿಂಕೆಗಳು ಮಲಗುವ ಮರಳಿನಲ್ಲಿ ಹೊರಳಿದೆವು. ನಮ್ಮೂರಿನ ಎಮ್ಮೆ ನಾಚಬೇಕು ಹಾಗೆ. ಅಷ್ಟರಲ್ಲಿ ಅಬೂ ಸಾಲಿಂ ಬುಖೂರಿನ ಪಾತ್ರೆ ಹಿಡ್ಕೊಂಡು "ವೇನ್ ಹಿಂದಿ? ಎಲ್ಲಿ ಆ ಇಂಡಿಯಾದವರು?" ಅಂತ ಹುಡುಕ್ಕೊಂಡು ಬಂದ್ರು. ನಾನು, ಬಸವರಾಜ ಮೇವಿನ ಕಟ್ಟುಗಳ ಹಿಂದೆ ಅಡಗಿದೆವು. ಮರ್ಯಾದೆ ಮಾಡ್ಲಿಕ್ಕೆ ಬಂದವರಿಂದ ಕಳ್ಳರ ಹಾಗೆ ಅಡಗಿದವರು ಕತಾರಿನಲ್ಲಿ ನಾವೇ ಮೊದಲಿರ್ಬೇಕು. "ಇನ್ನೂ ಬರ್ಲಿಲ್ಲ ಅರ್ಬಾಬ್," ಅಂದ ಹಮೀದ್. ಅವ ಹೇಳಿದ ಮೊದಲನೇ ಸುಳ್ಳು, ಕಿವಿಯವರೆಗೆ ಕೆಂಪಾಗಿದ್ದ.

ಹೆಣ್ಣು ಜಿಂಕೆಗಳನ್ನು ಒಳಗಿನ ಸಣ್ಣ ಬೇಲಿಗೆ ಹಾಕಿ, ದೊಡ್ಡ ಬೇಲಿಯ ಗೇಟು ತೆರೆದಿಟ್ಟೆವು. ಅವುಗಳು ಮೂತ್ರ ಮಾಡಿದ ಹಸಿ ಮರಳನ್ನು ಗೋಣಿಗೆ ತುಂಬಿಸಿ, ಹಮೀದ್ ದಿಣ್ಣೆಯಿಂದ ಗೇಟಿನವರೆಗೆ ಎಳ್ಕೊಂಡು ಬಂದ. ಅಮೆರಿಕದ ಬಾಟ್ಲಿಯನ್ನು ಮುಟ್ಲಿಲ್ಲ. ಆಮೇಲೆ ಗೇಟಿಗೆ ಕಟ್ಟಿದ ಹಗ್ಗದ ತುದಿ ಹಿಡಿದು ಗೋಡೆಯ ಹಿಂದೆ ಕೂತ. ಗಾಳಿ ದಿಣ್ಣೆಯ ಕಡೆಯಿಂದ ನಮ್ಮ ಮುಖಕ್ಕೆ ಬರ್ತಾ ಇತ್ತು. ನಾನು, ಬಸವರಾಜ ದೊಡ್ಡ ಬೇಲಿಯೊಳಗಿನ ಮೇವಿನ ರಾಶಿಯ ಹಿಂದೆ ಕೂತೆವು, ಅವನ ಕೈಗೆ ಒಂದು ಮುಳ್ಳಿನ ಗಿಡ. ಗಂಡು ಜಿಂಕೆ ಕೊಂಬಿನಲ್ಲಿ ಪೊದೆ ಹೊಡೆದ ಹಾಗೆ ಅದನ್ನು ಅಲುಗಾಡಿಸ್ಬೇಕು. ಕೂಗು ನನ್ನದು. ಹೆಣ್ಣಿನದಲ್ಲ, ಗಂಡಿನದು. ಗಂಡು ರೀಮ್ ಬೆದೆಯಲ್ಲಿ ಕೂಗುದು ಚಂದ ಇಲ್ಲ. ಚಳಿಯಲ್ಲಿ ಹಳೆ ಡೀಸೆಲ್ ಲಾರಿ ಸ್ಟಾರ್ಟ್ ಆಗದೆ ಕೆಮ್ಮಿದ ಹಾಗೆ.

ಮೊದಲನೇ ಕೂಗಿಗೆ ಒಳಗಿದ್ದ ಒಂದು ಹೆಣ್ಣು ನನ್ನನ್ನು ನೋಡಿದ ನೋಟ ಉಂಟಲ್ಲ, ನನ್ನ ಹೆಂಡತಿ ಕೂಡ ಹಾಗೆ ನೋಡಿಲ್ಲ. ಎರಡನೆಯದು ಪರವಾಗಿಲ್ಲ. ಮೂರನೆಯದು, ನಾನು ಕೊಚ್ಚಿಕೊಳ್ಳುದಲ್ಲ, ಆ ಹೆಣ್ಣುಗಳೆಲ್ಲ ಒಟ್ಟಿಗೆ ಎದ್ದು ನಿಂತವು.

ದಿಣ್ಣೆಯ ಮೇಲೆ ಗಂಡು ಬಂತು. ಕುತ್ತಿಗೆ ಉಬ್ಬಿತ್ತು. ಮೂಗನ್ನು ಗೋಣಿ ಎಳೆದ ಗೆರೆಗೆ ಹಚ್ಚಿ, ಓಡಿ ಓಡಿ ಇಳೀತು. ಗೇಟಿನ ಹತ್ರ ಬಂದು ನಿಂತು ಬಿಟ್ಟಿತು. ಮುಂದಿನ ಕಾಲು ಒಳಗೆ, ಹಿಂದಿನ ಕಾಲು ಹೊರಗೆ. ಆಗ ಗೇಟು ಎಳೆದ್ರೆ ಸೊಂಟಕ್ಕೆ ಬೀಳ್ತದೆ. ಬಿಟ್ರೆ ತಿರುಗಿ ಹೋಗ್ತದೆ, ಮತ್ತೆ ಈ ಜನ್ಮದಲ್ಲಿ ಬರುದಿಲ್ಲ. ನನ್ನ ಗಂಟಲಲ್ಲಿ ಮೇವಿನ ಧೂಳು ಸಿಕ್ಕಿ ಕೆಮ್ಮು ಬರ್ಲಿಕ್ಕೆ ಸುರುವಾಯ್ತು. ಫೋನಿನಲ್ಲಿ ಝೊಹರಾ ಹೇಳಿದ್ದು ಕಿವಿಯಲ್ಲಿ ಇತ್ತು. ಬಸವರಾಜ ಗಿಡವನ್ನು ಒಮ್ಮೆ ಕೊಡವಿದ. ನಾನು ಆ ಕೆಮ್ಮನ್ನೇ ತಿರುಗಿಸಿ ಕೂಗಾಗಿ ಬಿಟ್ಟೆ. ಅಂಥ ಕೂಗು ಮತ್ತೆ ನನಗೆ ಬಂದಿಲ್ಲ.

ಅದು ತಲೆ ತಗ್ಗಿಸಿತು. ನಾನು ಎಣಿಸಿದ್ದೇನು, ಅದು ಬಂದು ಇನ್ನೊಂದು ಜಿಂಕೆಯನ್ನು ಹುಡುಕ್ತದೆ ಅಂತ. ಅದು ಜಿಂಕೆಯನ್ನು ಹುಡುಕ್ಲಿಲ್ಲ, ಕೂಗು ಎಲ್ಲಿಂದ ಬಂತು ಅಂತ ಹುಡುಕಿತು. ಮನುಷ್ಯರ ಮಡಿಲಲ್ಲಿ ಬೆಳೆದದ್ದು, ಅದಕ್ಕೆಂತ ಹೆದರಿಕೆ? ಮುಖ ಅಡಗಿಸಿದ್ದೆ ನಾನು, ಮೇವಿನ ಕಟ್ಟಿನ ಆಚೆ ಹಿಂಭಾಗ ಉಳಿದಿತ್ತು. ಬಂದು ಕೊಂಬಿನಲ್ಲಿ ಕೊಟ್ಟಿತು ನೋಡಿ, ಪ್ಯಾಂಟಿಗೆ ತೂತು!

"ಹಮೀದ್, ಎಳಿ!" ಅಂತ ಬೊಬ್ಬೆ ಹಾಕಿದ್ದು ಜಿಂಕೆಯ ದನಿಯಲ್ಲೋ ನನ್ನ ದನಿಯಲ್ಲೋ ಗೊತ್ತಿಲ್ಲ. ಗೇಟು ಧಡಾರ್ ಅಂತ ಬಿತ್ತು. ನಾನು ಮೇವಿನ ರಾಶಿಯ ತುದಿಗೆ ಯಾವಾಗ ಹತ್ತಿದೆ ಅಂತಲೂ ಗೊತ್ತಿಲ್ಲ. ಕೆಳಗೆ ಅದು ಸುತ್ತು ಬರ್ತಾ ಇತ್ತು, ಇಳಿ ನೋಡುವಾ ಅಂತ.

"ಕಾಕಾ, ಇಳೀಬ್ಯಾಡ್ರಿ," ಅಂದ ಬಸವರಾಜ ಬೇಲಿಯ ಆಚೆ ಹಾರಿ ನಿಂತು. "ಅದಕ್ಕ ನಿಮ್ಮ ಮ್ಯಾಲ ಭಾಳ ಸಿಟ್ಟೈತಿ. ಹೆಂಡ್ತೇರ್ನ ಕೇಳಾಕ್ ಬಂದಾನ ಅಂತ ತಿಳ್ಕೊಂಡೈತಿ."

ಆಗಲೇ ಗೋಡೆಯ ಕಡೆಯಿಂದ ನಗು ಕೇಳಿದ್ದು. ಅಬೂ ಸಾಲಿಂ ಎಲ್ಲ ನೋಡ್ತಾ ನಿಂತಿದ್ರು. ತಲೆಯ ಬಟ್ಟೆ ಜಾರಿ ಹೆಗಲಿಗೆ ಬಿದ್ದಿತ್ತು, ಕಣ್ಣಲ್ಲಿ ನೀರು. "ಯಾ ಸ‍ಲಾಂ! ಈಗ ನನ್ನ ಮಜ್ರಾದಲ್ಲಿ ಗಂಡು ಎರಡಾಯ್ತು!" ಅಂದ್ರು. ಆಮೇಲೆ ಬುಖೂರಿನ ಪಾತ್ರೆಯನ್ನು ಬೇಲಿಯ ಮೇಲಿಂದ ನನ್ನ ಕಡೆಗೇ ನೀಡಿದ್ರು, ಆ ನಾತದ ಮೇಲೆ. ಹಮೀದ್ ರೂಮಿಗೆ ಓಡಿ ಕಾಗದ ತಂದ. ಅಬೂ ಸಾಲಿಂ ತಮ್ಮ ಪಿಕಪ್ಪಿನ ಬಾನೆಟ್ ಮೇಲಿಟ್ಟು ಸೈನ್ ಹಾಕಿದ್ರು. "ಖಲಾಸ್. ಯಲ್ಲಾ, ಮದಾಮ್ ಬರ್ಲಿ."

ಝೊಹರಾ ಬಂದಳು. ಏರ್‌ಪೋರ್ಟಿನಲ್ಲಿ ಹಮೀದ್ ಅವಳನ್ನು ನೋಡಿ ಸಲಾಂ ಹೇಳಿದ್ದು, ಹೊಸ ಬಾಸ್‌ಗೆ ಹೇಳಿದ ಹಾಗೆ. ಅವಳು ಅವನ ಮುಖವನ್ನೇ ನೋಡ್ತಾ ನಿಂತಳು, ತುಂಬ ಹೊತ್ತು. ನಾನು ಸೂಟ್‌ಕೇಸ್ ಎತ್ತಿಕೊಂಡು ಗಾಡಿಯ ಕಡೆ ನಡೆದೆ. ನನ್ನಂಥವ ಕೂಡ ಕೆಲವು ಸಲ ತಮಾಷೆ ಮಾಡುದಿಲ್ಲ. ಮಜ್ರಾ ನೋಡಿ ಅವಳು, "ತೋಟ ತೋಟ ಅಂತ ಬರೆದದ್ದು ಇದಕ್ಕಾ?" ಅಂತ ಕೇಳಿದಳಂತೆ. ಆದ್ರೂ ಆ ಚಳಿಗಾಲ ಎರಡು ರೂಮಿನ ಮುಂದೆ ಹಗ್ಗ ಕಟ್ಟಿ ಬಟ್ಟೆ ಒಣಗಿತು, ಮೀನು ಸಾರಿನ ಘಮ ಬಂತು. ಹಮೀದ್ ಗಟ್ಟಿಯಾಗಿ ನಗ್ತಾನೆ ಅಂತ ನನಗೆ ಗೊತ್ತಾದದ್ದೇ ಆಗ. ಅವಳು ಊರಿಗೆ ವಾಪಸ್ ಹೋಗಿ, ಮಳೆಗಾಲದಲ್ಲಿ ಹೆಣ್ಣು ಮಗು ಹುಟ್ಟಿತು. ಸಫಿಯಾ.

ಈ ಕಥೆಯನ್ನು ನಾನು ಹೇಳದ ಮದುವೆ ಮನೆ ಇಲ್ಲ. ಆದ್ರೆ ಪ್ಯಾಂಟಿನ ತೂತಿನವರೆಗೆ ಹೇಳಿ ನಿಲ್ಲಿಸುದು. ಜನ ನಗ್ತಾರೆ, ನನಗೆ ಅಷ್ಟು ಸಾಕು. ಇವತ್ತು ಇಲ್ಲಿ ಕೂತು ಬರೆಯುವಾಗಲೇ ನೋಡಿ, ಮೊದ್ಲ ಸಲ ಏರ್‌ಪೋರ್ಟಿನವರೆಗೆ ಬಂದದ್ದು.

ಇಷ್ಟು ಬರೆಯುವಾಗ ಗೇಟಿನ ಶಬ್ದ ಆಯ್ತು. ಸಫಿಯಾ ಶಾಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು. ಮದುವೆಯಾಗಿ ವರ್ಷ ಆಗ್ಲಿಲ್ಲ, ಗಂಡ ಕತಾರಿನಲ್ಲೇ, ಲುಸೈಲಿನ ಒಂದು ಆಫೀಸಿನಲ್ಲಿದ್ದಾನೆ.

"ಮಾಮ, ಈ ನಾತದಲ್ಲಿ ಹೇಗೆ ಕೂತಿದ್ದೀರಿ? ನೋಡಿ, ನನ್ನ ವೀಸಾ ಬಂತು!" ಅಂತ ಮೊಬೈಲ್ ಮುಖಕ್ಕೆ ಹಿಡಿದಳು.

"ಯಾರು ಸೈನ್ ಹಾಕಿದ್ದು?"

"ಯಾರೂ ಇಲ್ಲ. ಇವರು ನಿನ್ನೆ ಅಪ್ಲೈ ಮಾಡಿದ್ದು, ಇವತ್ತು ಮೊಬೈಲಿಗೇ ಬಂತು."

"ಯಾರೂ ಏನೂ ತಂದು ಕೊಡು ಅಂತ ಕೇಳ್ಲಿಲ್ವಾ?"

"ಎಂತ ಕೇಳುದು ಮಾಮ?" ಅಂತ ನಕ್ಕಳು. ಮೂಗು ಝೊಹರಾಳದ್ದು, ನಾಚಿಕೆಯ ನಗು ಹಮೀದನದ್ದು.

"ಕೂತ್ಕೋ ಮಗಾ," ಅಂದೆ. "ನಿನ್ನ ಉಮ್ಮ ಏರ್‌ಪೋರ್ಟಿನಲ್ಲಿ ಇಳಿದ ದಿನ ನಿನ್ನ ಬಾಪ ಏನು ಮಾಡಿದ ಅಂತ ಗೊತ್ತುಂಟಾ ನಿನಗೆ?"